ಅಲ್ಬುಮಿನ್ ನಿಲ್ ಅಂದರೆ ಎಲ್ಲವೂ ಸರಿಯಾ? ಬಸುರಿನ ಯೂರಿನ್ ಟೆಸ್ಟ್ ಹೇಳುವುದು, ಹೇಳದೆ ಬಿಡುವುದು

ಚಿಕ್ಕ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಅರ್ಧದಷ್ಟು ಮೂತ್ರ. ನರ್ಸ್ ಒಂದು ತೆಳು ಪಟ್ಟಿಯನ್ನು ಅದ್ದಿ ತಕ್ಷಣ ಹೊರಗೆ ತೆಗೆಯುತ್ತಾರೆ. ಪಟ್ಟಿಯ ಅಂಚನ್ನು ಡಬ್ಬಿಯ ಬಾಯಿಗೆ ಒರೆಸಿ ಹೆಚ್ಚಿನ ಹನಿ ಇಳಿಸುತ್ತಾರೆ. ಒಂದು ನಿಮಿಷ ಕಾದು, ಸ್ಟ್ರಿಪ್ ಬಾಟಲಿಯ ಮೈಮೇಲೆ ಅಚ್ಚಾಗಿರುವ ಬಣ್ಣಗಳ ಪಕ್ಕ ಹಿಡಿದು ನೋಡುತ್ತಾರೆ. ಹಳದಿ ಚೌಕ ಹಳದಿಯಾಗಿಯೇ ಉಳಿದಿದ್ದರೆ ಫೈಲಿನಲ್ಲಿ ‘ಅಲ್ಬುಮಿನ್ ನಿಲ್’ (ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಮೂತ್ರದಲ್ಲಿ ಕಾಣಲಿಲ್ಲ) ಎಂದು ಬರೆದು ಮುಂದಿನವರನ್ನು ಕರೆಯುತ್ತಾರೆ. ಅಷ್ಟೇ.

ಇದು ಎಷ್ಟು ಮಾಮೂಲಿ ಆಗಿಬಿಟ್ಟಿದೆ ಅಂದರೆ, ಯಾಕೆ ಮಾಡುತ್ತಾರೆ ಎಂದು ಕೇಳುವವರೇ ಕಡಿಮೆ. ಕೇಳಿದರೂ ‘ಇನ್ಫೆಕ್ಷನ್ ಇದೆಯಾ, ಶುಗರ್ ಇದೆಯಾ ನೋಡೋಕೆ’ ಎಂಬ ಉತ್ತರ ಸಿಗುತ್ತದೆ. ಅದೂ ನಿಜವೇ. ಆದರೆ ಚೆಕಪ್‌ನಲ್ಲಿ ಬಿಪಿ ನೋಡಿದ ಕೂಡಲೇ ಈ ಪಟ್ಟಿಯೂ ಬರುವುದಕ್ಕೆ ಮುಖ್ಯ ಕಾರಣ ಬೇರೆ. ಅದರ ಹೆಸರು ಪ್ರೀ-ಎಕ್ಲಾಂಪ್ಸಿಯಾ. ಬಸುರಿನ 20 ವಾರ ಕಳೆದ ಮೇಲೆ ಬಿಪಿ ಏರಿ, ಜೊತೆಗೆ ಕಿಡ್ನಿ, ಲಿವರ್, ಮಿದುಳು, ರಕ್ತ ಇವುಗಳಲ್ಲಿ ಯಾವುದಕ್ಕಾದರೂ ಪೆಟ್ಟು ಬೀಳುವ ಕಾಯಿಲೆ ಇದು. ನೂರು ಗರ್ಭಿಣಿಯರಲ್ಲಿ 2ರಿಂದ 8 ಮಂದಿಗೆ ಬರುತ್ತದೆ. ಕೈಮೀರಿದರೆ ಫಿಟ್ಸ್ ಬರುತ್ತದೆ. ಆ ಫಿಟ್ಸ್‌ಗೇ ಎಕ್ಲಾಂಪ್ಸಿಯಾ ಎನ್ನುತ್ತಾರೆ. ಥಟ್ಟನೆ ಹೊಳೆಯುವುದಕ್ಕೆ ಗ್ರೀಕರು ಬಳಸುತ್ತಿದ್ದ ಪದದಿಂದ ಬಂದ ಹೆಸರು. ಅಷ್ಟು ಹಠಾತ್ತಾಗಿ ಬರುತ್ತದೆ ಎಂಬ ಅರ್ಥದಲ್ಲಿ.

ಈ ಪಟ್ಟಿ ಮುಂದೆ ಆಗುವುದನ್ನು ಹೇಳುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ. ಅದು ಹೇಳುವುದು ಈಗಾಗಲೇ ಆಗಿರುವುದನ್ನು. ಕಿಡ್ನಿಯ ಸೋಸುವ ಪರದೆ ಸೋರಲು ಶುರುವಾಗಿದೆ ಎಂದು ಅದಕ್ಕೆ ಗೊತ್ತಾಗುತ್ತದೆ. ಸೋರುವ ಮೊದಲು ಏನೂ ಗೊತ್ತಾಗುವುದಿಲ್ಲ. ಇದೊಂದು ನೆನಪಿದ್ದರೆ ರಿಪೋರ್ಟಿನ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಬಿಪಿ ಯಂತ್ರಕ್ಕಿಂತ ಹಳೆಯ ಪರೀಕ್ಷೆ

ಮೂತ್ರದಲ್ಲಿ ಪ್ರೋಟೀನ್ ಹುಡುಕುವ ಕೆಲಸ ತೋಳಿಗೆ ಬಿಪಿ ಪಟ್ಟಿ ಕಟ್ಟುವುದಕ್ಕಿಂತ ಅರ್ಧ ಶತಮಾನದಷ್ಟು ಹಳೆಯದು. 1843ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಜಾನ್ ಲೀವರ್ ಎಂಬ ವೈದ್ಯರಿದ್ದರು. ಹೆರಿಗೆ ಸಮಯದಲ್ಲಿ ಫಿಟ್ಸ್ ಬಂದ ಹೆಂಗಸರ ಮೂತ್ರವನ್ನು ಅವರು ಪರೀಕ್ಷೆ ಮಾಡಿ ನೋಡಿದರು. ಆಗಿನ ವಿಧಾನ ಬಹಳ ಸರಳ. ಮೂತ್ರವನ್ನು ಬಿಸಿ ಮಾಡುವುದು. ಮೊಟ್ಟೆಯ ಬಿಳಿಭಾಗ ಬೆಂದಾಗ ಹೆಪ್ಪುಗಟ್ಟುತ್ತದೆ ಅಲ್ವಾ, ಹಾಗೇ ಅಲ್ಬುಮಿನ್ ಇದ್ದರೆ ಮೂತ್ರವೂ ಬೆಳ್ಳಗೆ ಮಬ್ಬಾಗುತ್ತದೆ. ಫಿಟ್ಸ್ ಬಂದವರ ಮೂತ್ರ ಹಾಗೆ ಮಬ್ಬಾಯಿತು. ಹೋಲಿಸಿ ನೋಡಲೆಂದು ಹೆರಿಗೆಗೆ ಬಂದಿದ್ದ ಐವತ್ತಕ್ಕೂ ಹೆಚ್ಚು ಬೇರೆ ಹೆಂಗಸರ ಮೂತ್ರವನ್ನೂ ನೋಡಿದರು. ಫಿಟ್ಸ್ ಅಥವಾ ಅದರ ಮುನ್ಸೂಚನೆ ಇಲ್ಲದವರಲ್ಲಿ ಅದು ಕಾಣಲಿಲ್ಲ.

ಅದೇ ಆಸ್ಪತ್ರೆಯಲ್ಲಿ ರಿಚರ್ಡ್ ಬ್ರೈಟ್ ಮೂತ್ರದ ಅಲ್ಬುಮಿನ್‌ಗೂ ಕಿಡ್ನಿ ಕಾಯಿಲೆಗೂ ಇರುವ ನಂಟನ್ನು ಆಗಲೇ ತೋರಿಸಿದ್ದರು. ಹಾಗಾಗಿ ಇದೂ ಆ ಹಳೆ ಕಿಡ್ನಿ ಕಾಯಿಲೆಯೇ ಇರಬಹುದು ಎನ್ನುವುದು ಸಹಜವಾದ ಊಹೆ. ಆದರೆ ಹೆರಿಗೆ ಆದ ಮೇಲೆ ಅಲ್ಬುಮಿನ್ ತಾನಾಗಿ ಮಾಯವಾಗುವುದನ್ನು ಲೀವರ್ ಗಮನಿಸಿದರು. ಅಂದರೆ ತೊಂದರೆಯ ಬೇರು ಬಸುರಿನಲ್ಲೇ ಇದೆ. ಇವತ್ತು ನಾವು ಬಳಸುವ ತೋಳಿನ ಬಿಪಿ ಪಟ್ಟಿಯ ಮೂಲರೂಪವನ್ನು ಇಟಲಿಯ ರಿವಾ-ರೊಚ್ಚಿ ತಯಾರಿಸಿದ್ದು 1896ರಲ್ಲಿ. ಅಲ್ಲಿಯವರೆಗೆ ಡಾಕ್ಟರಿಗೆ ಸಿಗುತ್ತಿದ್ದದ್ದು ಕೈಕಾಲಿನ ಊತ, ತಲೆನೋವಿನ ದೂರು, ಮತ್ತೆ ಈ ಬೆಂದ ಮೂತ್ರ.

ಮಾಸಿನಲ್ಲಿ ಶುರು, ಕಿಡ್ನಿಯಲ್ಲಿ ಸೋರಿಕೆ

ಬಸುರಿನಲ್ಲಿ ಬೇರಿರುವ ತೊಂದರೆ ತಾಯಿಯ ಮೂತ್ರದಲ್ಲಿ ಯಾಕೆ ಕಾಣಬೇಕು?

ಮಗುವಿಗೆ ಆಹಾರ, ಆಮ್ಲಜನಕ ಹೋಗುವುದು ಮಾಸಿನ ಮೂಲಕ. ಪ್ಲಸೆಂಟಾ ಎನ್ನುತ್ತೇವಲ್ಲ, ಅದು. ಬಸುರಿನ ಮೊದಲರ್ಧದಲ್ಲಿ ಮಾಸಿನ ಜೀವಕೋಶಗಳು ಗರ್ಭಕೋಶದ ಗೋಡೆಗೆ ನುಗ್ಗಿ, ಅಲ್ಲಿರುವ ಸುರುಳಿ ರಕ್ತನಾಳಗಳನ್ನು ಅಗಲ ಮಾಡಬೇಕು. ಕೆಲವರಲ್ಲಿ ಈ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ನಾಳಗಳು ಕಿರಿದಾಗಿಯೇ ಉಳಿಯುತ್ತವೆ. ಮಾಸಿಗೆ ರಕ್ತ ಸಾಲುವುದಿಲ್ಲ. ಆಗ ಅದು ತಾಯಿಯ ರಕ್ತಕ್ಕೆ ಎಸ್‌ಫ್ಲಿಟ್-1 ಎಂಬ ಪ್ರೋಟೀನನ್ನು ಜಾಸ್ತಿ ಬಿಡುತ್ತದೆ. ರಕ್ತನಾಳಗಳ ಒಳಪದರವನ್ನು ಆರೋಗ್ಯವಾಗಿಡುವ ಎರಡು ಪ್ರೋಟೀನುಗಳಿವೆ: ವಿಇಜಿಎಫ್ ಮತ್ತು ಪಿಎಲ್‌ಜಿಎಫ್. ಎಸ್‌ಫ್ಲಿಟ್-1 ಇವೆರಡನ್ನೂ ದಾರಿಯಲ್ಲೇ ಹಿಡಿದು ಕಟ್ಟಿಹಾಕುತ್ತದೆ.

ಇದರ ಏಟು ಕಿಡ್ನಿಗೆ ಹೇಗೆ ಬೀಳುತ್ತದೆ ನೋಡಿ. ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ಪುಟ್ಟ ಸೋಸುಗಂಟುಗಳಿವೆ. ನೀರು, ಉಪ್ಪು, ಯೂರಿಯಾ ಹೊರಗೆ ಹೋಗಲಿ, ಅಲ್ಬುಮಿನ್‌ನಂಥ ದೊಡ್ಡ ಪ್ರೋಟೀನ್ ಒಳಗೇ ಇರಲಿ ಎನ್ನುವ ಹಾಗೆ ಅವುಗಳ ರಚನೆ. ಈ ಸೋಸುವ ಪರದೆಯ ಹೊರಮೈಯಲ್ಲಿರುವ ಕೋಶಗಳು ವಿಇಜಿಎಫ್ ತಯಾರಿಸಿ ಒಳಮೈಯ ಕೋಶಗಳಿಗೆ ಕೊಡುತ್ತಲೇ ಇರುತ್ತವೆ. ಅದು ನಿಂತರೆ ಒಳಮೈಯ ಕೋಶಗಳು ಊದಿಕೊಳ್ಳುತ್ತವೆ, ಪರದೆಯ ಕಟ್ಟು ಸಡಿಲವಾಗುತ್ತದೆ. ಅಲ್ಬುಮಿನ್ ನುಸುಳುತ್ತದೆ. ಅತ್ತ ದೇಹದ ಉಳಿದ ರಕ್ತನಾಳಗಳು ಬಿಗಿದುಕೊಂಡು ಬಿಪಿ ಏರುತ್ತದೆ. ಮೂತ್ರದ ಪ್ರೋಟೀನ್, ಏರಿದ ಬಿಪಿ, ಎರಡೂ ಒಂದೇ ತಾಯಿಬೇರಿನ ಕೊಂಬೆಗಳು.

ಇದು ಬರೀ ಊಹೆಯಲ್ಲ. 2003ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಅನಂತ್ ಕರುಮಂಚಿ ಅವರ ತಂಡ ಇಲಿಗಳಲ್ಲಿ ಎಸ್‌ಫ್ಲಿಟ್-1 ಪ್ರಮಾಣ ಏರಿಸಿ ನೋಡಿತು. ಇಲಿಗಳ ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನ್ ಬಂತು. ಗರ್ಭ ಧರಿಸದ ಇಲಿಗಳಲ್ಲೂ ಹಾಗೇ ಆಯಿತು. ಇನ್ನೊಂದು ಸಾಕ್ಷಿ ಕ್ಯಾನ್ಸರ್ ವಾರ್ಡಿನಿಂದ ಬಂದಿದೆ. ಗಡ್ಡೆಗೆ ರಕ್ತ ಸಿಗದಂತೆ ಮಾಡಲು ವಿಇಜಿಎಫ್ ತಡೆಯುವ ಔಷಧಿ ಕೊಡುತ್ತಾರೆ. ಅದರ ಗೊತ್ತಿರುವ ಅಡ್ಡಪರಿಣಾಮಗಳಲ್ಲಿ ಎರಡು ಯಾವುವು ಗೊತ್ತಾ? ಬಿಪಿ ಏರುವುದು, ಮೂತ್ರದಲ್ಲಿ ಪ್ರೋಟೀನ್ ಹೋಗುವುದು.

ಪ್ಲಸ್‌ಗಳ ಲೆಕ್ಕ

ಪಟ್ಟಿಯ ಪ್ರೋಟೀನ್ ಚೌಕದಲ್ಲಿ ಹುಳಿ ಅಂಶದ ಜೊತೆ ಒಂದು ಬಣ್ಣ ಕೂತಿರುತ್ತದೆ. ಹುಳಿ ಇರುವವರೆಗೆ ಆ ಬಣ್ಣ ಹಳದಿ. ಅಲ್ಬುಮಿನ್ ಬಂದು ಅಂಟಿಕೊಂಡರೆ ಹುಳಿ ಇದ್ದರೂ ಹಸಿರಿಗೆ ತಿರುಗುತ್ತದೆ. ಜಾಸ್ತಿ ಇದ್ದರೆ ನೀಲಿ ಮಿಶ್ರಿತ ಹಸಿರು. ಸಾಮಾನ್ಯವಾಗಿ ಒಂದು ಪ್ಲಸ್ ಅಂದರೆ 100 ಮಿ.ಲೀ. ಮೂತ್ರದಲ್ಲಿ ಸುಮಾರು 30 ಮಿ.ಗ್ರಾಂ. ಪ್ರೋಟೀನ್. ಎರಡು ಪ್ಲಸ್ ಅಂದರೆ 100, ಮೂರು ಪ್ಲಸ್ ಅಂದರೆ 300. ‘ಟ್ರೇಸ್’ ಎಂದು ಬರೆದಿದ್ದರೆ ಒಂದು ಪ್ಲಸ್‌ಗಿಂತ ಕಡಿಮೆ, ಸುಳಿವು ಮಾತ್ರ.

ತೊಂದರೆ ಇರುವುದು ‘100 ಮಿ.ಲೀ.ನಲ್ಲಿ’ ಎಂಬ ಮಾತಿನಲ್ಲಿ. ಪಟ್ಟಿಗೆ ಒಟ್ಟು ಎಷ್ಟು ಪ್ರೋಟೀನ್ ಹೋಯಿತು ಎಂದು ಗೊತ್ತಿಲ್ಲ. ಎಷ್ಟು ಗಟ್ಟಿಯಾಗಿದೆ ಎಂದಷ್ಟೇ ಗೊತ್ತು. ಗರ್ಭಿಣಿಯ ಕಿಡ್ನಿ ಮೊದಲಿಗಿಂತ ಅರ್ಧದಷ್ಟು ಜಾಸ್ತಿ ರಕ್ತ ಸೋಸುತ್ತಿರುತ್ತದೆ. ಹಾಗಾಗಿ ಅವಳಿಗೆ ಸ್ವಲ್ಪ ರಿಯಾಯಿತಿ ಇದೆ: ದಿನಕ್ಕೆ 300 ಮಿ.ಗ್ರಾಂ. ಪ್ರೋಟೀನ್ ಮೂತ್ರದಲ್ಲಿ ಹೋದರೆ ಮಾತ್ರ ಜಾಸ್ತಿ ಎಂದು ಲೆಕ್ಕ. ಈಗ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರಿಗೆ ದಿನಕ್ಕೆ 300 ಮಿ.ಗ್ರಾಂ. ಹೋಗುತ್ತಿದೆ. ಆದರೆ ಅವರು ನೀರು ಚೆನ್ನಾಗಿ ಕುಡಿದು 3 ಲೀಟರ್ ಮೂತ್ರ ಮಾಡುತ್ತಾರೆ. 100 ಮಿ.ಲೀ.ಗೆ ಸಿಗುವುದು 10 ಮಿ.ಗ್ರಾಂ. ಪಟ್ಟಿ ಹಳದಿ. ಇನ್ನೊಬ್ಬರಿಗೆ ಹೋಗುತ್ತಿರುವುದು ಬರೀ 150. ಆದರೆ ನೀರು ಕಡಿಮೆ, ಇಡೀ ದಿನಕ್ಕೆ ಅರ್ಧ ಲೀಟರ್ ಮೂತ್ರ. 100 ಮಿ.ಲೀ.ಗೆ 30 ಮಿ.ಗ್ರಾಂ. ಪಟ್ಟಿ ಒಂದು ಪ್ಲಸ್. ತೊಂದರೆ ಇದ್ದವರಿಗೆ ನಿಲ್, ಇಲ್ಲದವರಿಗೆ ಪ್ಲಸ್! ಒಂದು ಪ್ಲಸ್ ನೋಡಿದ ತಕ್ಷಣ ಗಾಬರಿ ಬೇಡ, ನಿಲ್ ನೋಡಿದ ತಕ್ಷಣ ನಿರಾಳವೂ ಬೇಡ ಎಂದು ಡಾಕ್ಟರುಗಳು ಹೇಳುವುದು ಇದಕ್ಕೇ.

ಸುಳ್ಳು ಪ್ಲಸ್‌ಗೆ ಬೇರೆ ದಾರಿಗಳೂ ಇವೆ. ಬಿಳಿಸೆರಗು ಡಬ್ಬಿಗೆ ಸೇರಿಕೊಳ್ಳಬಹುದು. ರಕ್ತದ ಹನಿ ಬೆರೆಯಬಹುದು. ಮೂತ್ರದ ಸೋಂಕು ಇರಬಹುದು. ಡಬ್ಬಿಯಲ್ಲಿ ಸೋಪು ಅಥವಾ ಆಂಟಿಸೆಪ್ಟಿಕ್ ಉಳಿದಿರಬಹುದು. ಇಟ್ಟು ಹಳತಾದ ಮೂತ್ರ ಹುಳಿ ಕಳೆದುಕೊಂಡು ಕ್ಷಾರವಾಗಿರಬಹುದು, ಆಗ ಚೌಕ ಸುಮ್ನೆ ಹಸಿರಾಗುತ್ತದೆ. ಅದಕ್ಕೇ ‘ಮೊದಲ ಸ್ವಲ್ಪ ಬಿಟ್ಟು ನಡುವಿನದು ಹಿಡಿಯಿರಿ’ ಎನ್ನುತ್ತಾರೆ. ಮುಜುಗರ ಪಟ್ಟುಕೊಂಡು ಅವಸರದಲ್ಲಿ ಡಬ್ಬಿ ತುಂಬಿಸಿ ಕೊಡುವವರೇ ಜಾಸ್ತಿ. ಹೇಳುವವರೂ ಅರ್ಧ ವಾಕ್ಯದಲ್ಲಿ ಮುಗಿಸುತ್ತಾರೆ. ಮುಂದಿನಿಂದ ಹಿಂದಕ್ಕೆ ನೀರಿನಲ್ಲಿ ತೊಳೆದುಕೊಂಡು, ಮೊದಲ ಧಾರೆ ಬಿಟ್ಟು, ಡಬ್ಬಿ ಚರ್ಮಕ್ಕೆ ತಾಗದಂತೆ ಹಿಡಿದರೆ ಇನ್ನೊಂದು ಸಲ ಟೆಸ್ಟಿಗೆ ಬರುವ ಓಡಾಟ ಎಷ್ಟೋ ಸಲ ತಪ್ಪುತ್ತದೆ.

ಪಟ್ಟಿ ಅನುಮಾನ ಹುಟ್ಟಿಸಿದ ಮೇಲೆ ಲ್ಯಾಬಿನ ಸರದಿ. ಹಳೆಯ ವಿಧಾನ 24 ಗಂಟೆಯ ಮೂತ್ರ. ಬೆಳಿಗ್ಗೆ 7ಕ್ಕೆ ಹೋದದ್ದನ್ನು ಚೆಲ್ಲಿ, ಆಮೇಲಿಂದ ಮರುದಿನ 7ರವರೆಗೆ ಹೋದದ್ದನ್ನೆಲ್ಲ ಕ್ಯಾನಿನಲ್ಲಿ ಹಿಡಿಯಬೇಕು. ಕೊನೆಯ 7 ಗಂಟೆಯದೂ ಸೇರಬೇಕು. ಮೊದಲನೆಯದನ್ನು ಚೆಲ್ಲುವುದು ಯಾಕೆಂದರೆ ಅದು ಹಿಂದಿನ ರಾತ್ರಿ ತಯಾರಾದದ್ದು. ಹೇಳಲು ಸುಲಭ. ತುಂಬಿದ ಬಸುರಿ ರಾತ್ರಿ ನಾಲ್ಕು ಸಲ ಎದ್ದು ನಿದ್ದೆಗಣ್ಣಿನಲ್ಲಿ ಒಂದು ಸಲ ಮರೆತರೂ ಲೆಕ್ಕ ತಪ್ಪಿತು.

ಇದಕ್ಕೆ ಒಳ್ಳೆ ಉಪಾಯ ಕ್ರಿಯಾಟಿನಿನ್. ನಮ್ಮ ಸ್ನಾಯುಗಳಿಂದ ಬರುವ ಕಸ ಅದು. ದಿನವಿಡೀ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಮೂತ್ರಕ್ಕೆ ಇಳಿಯುತ್ತದೆ. ನೀರು ಜಾಸ್ತಿಯಾದರೆ ಪ್ರೋಟೀನ್, ಕ್ರಿಯಾಟಿನಿನ್ ಎರಡೂ ಒಟ್ಟಿಗೇ ತೆಳುವಾಗುತ್ತವೆ. ಹಾಗಾಗಿ ಒಂದನ್ನು ಇನ್ನೊಂದರಿಂದ ಭಾಗಿಸಿದರೆ ನೀರಿನ ಲೆಕ್ಕ ಬಿದ್ದುಹೋಗುತ್ತದೆ. ಪ್ರೋಟೀನ್ 30, ಕ್ರಿಯಾಟಿನಿನ್ 150 ಇದ್ದರೆ ಅನುಪಾತ 0.2. ಅದೇ ಮೂತ್ರಕ್ಕೆ ಅದರಷ್ಟೇ ನೀರು ಸೇರಿದ್ದರೆ 15 ಮತ್ತು 75. ಆಗಲೂ 0.2. ಒಂದೇ ಡಬ್ಬಿ ಸಾಕು, ಕ್ಯಾನು ಬೇಡ. ಈ ಅನುಪಾತ 0.3 ಮುಟ್ಟಿದರೆ ಪ್ರೋಟೀನ್ ಜಾಸ್ತಿ ಇದೆ ಎಂದರ್ಥ. ಕೆಲವು ಲ್ಯಾಬುಗಳು ಇದನ್ನೇ 30 ಎಂದು ಬರೆಯುತ್ತವೆ, ಯಾಕೆಂದರೆ ಅವು ಕ್ರಿಯಾಟಿನಿನ್ ಅಳೆಯುವುದು ಮಿ.ಗ್ರಾಂ.ನಲ್ಲಿ ಅಲ್ಲ, ಮಿಲಿಮೋಲ್ ಎಂಬ ಬೇರೆ ಅಳತೆಯಲ್ಲಿ. ಎರಡು ಲ್ಯಾಬಿನ ರಿಪೋರ್ಟ್ ಪಕ್ಕಪಕ್ಕ ಇಟ್ಟುಕೊಂಡು ‘ನೂರು ಪಟ್ಟು ಏರಿಬಿಟ್ಟಿದೆ’ ಎಂದು ಎದೆ ಹಿಡಿದುಕೊಳ್ಳುವ ಮೊದಲು ಅಂಕಿಯ ಪಕ್ಕದ ಅಳತೆ ಓದಿ.

ಪ್ರೋಟೀನ್ ಇಲ್ಲದೆಯೂ ಬರಬಹುದು

ಬಹಳ ವರ್ಷ ಪಾಠ ಹೀಗಿತ್ತು: ಬಿಪಿ ಏರಿದೆ, ಮೂತ್ರದಲ್ಲಿ ಪ್ರೋಟೀನ್ ಇದೆ, ಹಾಗಾದರೆ ಪ್ರೀ-ಎಕ್ಲಾಂಪ್ಸಿಯಾ. ಪ್ರೋಟೀನ್ ಇಲ್ಲ ಅಂದರೆ ಬರೀ ಬಿಪಿ. 2013ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಸಂಘಟನೆ ಈ ವ್ಯಾಖ್ಯೆಯನ್ನು ಬದಲಿಸಿತು. 20 ವಾರದ ನಂತರ ಬಿಪಿ 140/90 ಅಥವಾ ಹೆಚ್ಚು, ಕನಿಷ್ಠ 4 ಗಂಟೆ ಅಂತರದಲ್ಲಿ ಎರಡು ಸಲ. ಅದರ ಜೊತೆ ಪ್ರೋಟೀನ್ ಇರಬಹುದು. ಇಲ್ಲದಿದ್ದರೆ ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗೆ ಬಿದ್ದಿರುವುದು, ಲಿವರ್ ಎನ್‌ಜೈಮ್ ಎರಡು ಪಟ್ಟು ಏರಿರುವುದು, ರಕ್ತದ ಕ್ರಿಯಾಟಿನಿನ್ 1.1 ದಾಟಿರುವುದು, ಶ್ವಾಸಕೋಶದಲ್ಲಿ ನೀರು ತುಂಬಿರುವುದು, ಹೊಸದಾಗಿ ಶುರುವಾಗಿ ಬಿಡದ ತಲೆನೋವು ಅಥವಾ ದೃಷ್ಟಿಯ ತೊಂದರೆ, ಇವುಗಳಲ್ಲಿ ಒಂದಿದ್ದರೂ ಸಾಕು. ಮರುವರ್ಷ ಈ ವಿಷಯದ ಅಂತರರಾಷ್ಟ್ರೀಯ ಸಂಘವೂ ಇದೇ ದಾರಿ ಹಿಡಿಯಿತು. ದಿನಕ್ಕೆ 5 ಗ್ರಾಂ ಪ್ರೋಟೀನ್ ಹೋದರೆ ಕಾಯಿಲೆ ತೀವ್ರ ಎಂಬ ಹಳೆ ಅಳತೆಯನ್ನೂ 2013ರಲ್ಲೇ ಕೈಬಿಟ್ಟರು. ತಾಯಿಯ ಅಪಾಯಕ್ಕೂ ಪ್ರೋಟೀನಿನ ಪ್ರಮಾಣಕ್ಕೂ ಅಂಥ ನೇರ ತಾಳೆ ಇಲ್ಲ.

ಹಾಗಾದರೆ ಯೂರಿನ್ ಟೆಸ್ಟ್ ಬೇಡವಾ? ಬೇಕು. ಬಿಪಿ ಸ್ವಲ್ಪ ಏರಿದ ಹೆಂಗಸಿನ ಮೂತ್ರದಲ್ಲಿ ಎರಡು ಪ್ಲಸ್ ಕಂಡರೆ ಆ ದಿನವೇ ದಾರಿ ಬದಲಾಗುತ್ತದೆ. 20 ವಾರಕ್ಕೂ ಮುಂಚೆಯೇ ಪ್ರೋಟೀನ್ ಕಂಡರೆ ಮೊದಲಿನಿಂದಲೇ ಕಿಡ್ನಿ ತೊಂದರೆ ಇದೆಯಾ ಎಂದು ನೋಡಲು ಅವಕಾಶ ಸಿಗುತ್ತದೆ. ಆದರೆ ಎರಡರಲ್ಲಿ ಒಂದನ್ನೇ ಇಟ್ಟುಕೋ ಎಂದರೆ ನಾನು ಇಟ್ಟುಕೊಳ್ಳುವುದು ಬಿಪಿ ಯಂತ್ರವನ್ನು.

ಮುಂಚೆಯೇ ತಿಳಿಯುವ ದಾರಿ

ಸೋರುವ ಮೊದಲೇ ಮೂತ್ರದಲ್ಲಿ ಸುಳಿವು ಸಿಗಬಹುದಾ ಎಂದು ಹುಡುಕುತ್ತಿರುವವರಿದ್ದಾರೆ. ಮೇಲೆ ಹೇಳಿದ ಪಿಎಲ್‌ಜಿಎಫ್ ಗಾತ್ರದಲ್ಲಿ ಚಿಕ್ಕದು. ಆರೋಗ್ಯವಾದ ಕಿಡ್ನಿಯಲ್ಲೂ ಮೂತ್ರಕ್ಕೆ ಇಳಿಯುತ್ತದೆ. ಎಸ್‌ಫ್ಲಿಟ್-1 ದೊಡ್ಡದು, ಹಾಗೆ ಇಳಿಯುವುದಿಲ್ಲ. ಪ್ರೀ-ಎಕ್ಲಾಂಪ್ಸಿಯಾ ಬರಲಿರುವವರ ಮೂತ್ರದಲ್ಲಿ ಪಿಎಲ್‌ಜಿಎಫ್ ವಾರಗಳ ಮುಂಚೆಯೇ ಕಡಿಮೆ ಇರುತ್ತದೆ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇನ್ನೊಂದು ದಾರಿ ಕಾಂಗೋ ರೆಡ್ ಎಂಬ ಹಳೆಯ ಬಟ್ಟೆ ಬಣ್ಣದ್ದು. ತಪ್ಪಾಗಿ ಮಡಚಿಕೊಂಡ ಪ್ರೋಟೀನುಗಳಿಗೆ ಈ ಬಣ್ಣ ಅಂಟಿಕೊಳ್ಳುತ್ತದೆ. ಪ್ರೀ-ಎಕ್ಲಾಂಪ್ಸಿಯಾ ಇರುವವರ ಮೂತ್ರದಲ್ಲಿ ಅಂಥ ಪ್ರೋಟೀನುಗಳು ಸಿಗುತ್ತವೆ ಎಂದು ಇರಿನಾ ಬುಹಿಮ್ಸ್ಕಿ ಅವರ ತಂಡ 2014ರಲ್ಲಿ ವರದಿ ಮಾಡಿತು. ಇದನ್ನೇ ಹಿಡಿದು ಸರಳ ಕಿಟ್ ಮಾಡುವ ಪ್ರಯತ್ನಗಳೂ ನಡೆದಿವೆ. ಮಾಮೂಲಿ ಚೆಕಪ್‌ನ ಪಟ್ಟಿ ಮಾತ್ರ ಇವೆರಡನ್ನೂ ನೋಡುವುದಿಲ್ಲ. ಅದು ನೋಡುವುದು ಅದೇ ಹಳೆ ಅಲ್ಬುಮಿನ್.

ಈ ವಿಷಯದಲ್ಲಿ ಮುಂದೆ ಹೋಗಿರುವುದು ರಕ್ತ ಪರೀಕ್ಷೆ. ರಕ್ತದಲ್ಲಿ ಎಸ್‌ಫ್ಲಿಟ್-1ಕ್ಕೂ ಪಿಎಲ್‌ಜಿಎಫ್‌ಗೂ ಇರುವ ಅನುಪಾತ 38 ಅಥವಾ ಕಡಿಮೆ ಇದ್ದರೆ, ಮುಂದಿನ ಒಂದು ವಾರ ಈ ಕಾಯಿಲೆ ಬರುವ ಸಾಧ್ಯತೆ ತೀರಾ ಕಡಿಮೆ ಎಂದು 2016ರ ಒಂದು ದೊಡ್ಡ ಅಧ್ಯಯನ ಹೇಳಿತು. ಅನುಮಾನವಿದ್ದು ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬೇಕೋ ಮನೆಗೆ ಕಳಿಸಬಹುದೋ ಎಂಬ ಕಡೆ ಇದು ನೆರವಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥದ್ದೇ ಒಂದು ಪರೀಕ್ಷೆಗೆ 2023ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು.

ನಿಜವಾಗಿ ‘ನನಗೆ ಬರಬಹುದಾ?’ ಎಂದು ಅಂದಾಜು ಮಾಡುವ ಸಮಯ ಮೂರನೇ ತಿಂಗಳ ಕೊನೆ, 11ರಿಂದ 13 ವಾರ. ಆಗ ನೋಡುವುದು ಮುಖ್ಯವಾಗಿ ಹಿನ್ನೆಲೆಯನ್ನು. ಹಿಂದಿನ ಬಸುರಿನಲ್ಲಿ ಬಂದಿತ್ತಾ, ಅವಳಿ ಮಕ್ಕಳಾ, ಮೊದಲೇ ಬಿಪಿ, ಶುಗರ್, ಕಿಡ್ನಿ ತೊಂದರೆ ಅಥವಾ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಇದೆಯಾ, ತಾಯಿಗೋ ಅಕ್ಕತಂಗಿಗೋ ಬಂದಿತ್ತಾ, ಇದು ಚೊಚ್ಚಲಾ. ಅನುಕೂಲ ಇರುವ ಕಡೆ ಬಿಪಿ, ಗರ್ಭಕೋಶದ ರಕ್ತನಾಳದಲ್ಲಿ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್, ರಕ್ತದ ಪಿಎಲ್‌ಜಿಎಫ್ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಅಪಾಯ ಜಾಸ್ತಿ ಎಂದಾದರೆ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ. ಹೀಗೆ ಆರಿಸಿದ ಹೆಂಗಸರಿಗೆ ದಿನಕ್ಕೆ 150 ಮಿ.ಗ್ರಾಂ. ಕೊಟ್ಟು ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. 37 ವಾರಕ್ಕೆ ಮುಂಚೆಯೇ ಕಾಡುವ ಪ್ರೀ-ಎಕ್ಲಾಂಪ್ಸಿಯಾ ಶೇ 4.3ರಿಂದ 1.6ಕ್ಕೆ ಇಳಿದಿತ್ತು. ಮಾಸು ಇನ್ನೂ ಬೇರೂರುತ್ತಿರುವಾಗಲೇ, 16 ವಾರದೊಳಗೆ, ಶುರು ಮಾಡಿದರೆ ಹೆಚ್ಚು ಪ್ರಯೋಜನ. ಪಟ್ಟಿ ಹಸಿರಾಗುವವರೆಗೆ ಕಾದರೆ ಆ ಬಸ್ಸು ಹೋಗಿ ಆಗಿರುತ್ತದೆ. ಹಾಗಂತ ಡಾಕ್ಟರನ್ನು ಕೇಳದೆ ನೀವೇ ನುಂಗುವ ಮಾತ್ರೆ ಇದಲ್ಲ.

ಮನೆಯಲ್ಲೇ ಸ್ಟ್ರಿಪ್ ಇಟ್ಟುಕೊಂಡು ನೋಡುವವರೂ ಇದ್ದಾರೆ. ತಪ್ಪಿಲ್ಲ. ಬಾಟಲಿಯ ಮುಚ್ಚಳ ಬಿಗಿಯಾಗಿರಲಿ. ತೇವ ಸೇರಿದರೆ ಪಟ್ಟಿ ಕೆಡುತ್ತದೆ. ಹೇಳಿದ ಸಮಯಕ್ಕೇ ಓದಿ. ಐದು ನಿಮಿಷ ಬಿಟ್ಟು ಬಂದು ನೋಡಿದ ಬಣ್ಣಕ್ಕೆ ಅರ್ಥವಿಲ್ಲ. ಆದರೆ ತಲೆ ಸಿಡಿಯುವಂಥ ನೋವು, ಕಣ್ಣ ಮುಂದೆ ಮಂಜು ಅಥವಾ ಮಿಣುಕು ಚುಕ್ಕೆ, ಬಲ ಪಕ್ಕೆಲುಬಿನ ಕೆಳಗೆ ನೋವು, ಉಸಿರಾಡಲು ಕಷ್ಟ, ಮುಖ ಮತ್ತು ಕೈ ದಿಢೀರನೆ ಊದುವುದು, ಇವು ಬಂದಾಗ ಪಟ್ಟಿ ಹುಡುಕುತ್ತಾ ಕೂರಬೇಡಿ. ನಿಲ್ ಬಂದರೂ ಆಸ್ಪತ್ರೆಗೆ ಹೋಗಲೇಬೇಕಾದ ಲಕ್ಷಣಗಳು ಅವು. ಬಿಪಿ 160/110 ಮುಟ್ಟಿದರೂ ಅಷ್ಟೇ. ಅಲ್ಲಿ ಬಿಪಿ ಇಳಿಸುವ ಔಷಧಿ, ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಇರುತ್ತದೆ. ಸುಮಾರು 10,000 ಹೆಂಗಸರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಒಂದು ಔಷಧಿ ಫಿಟ್ಸ್‌ನ ಅಪಾಯವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿತ್ತು.

ಹೆರಿಗೆ ಆಯಿತು, ಮಾಸು ಬಿತ್ತು, ಇನ್ನು ಮುಗಿಯಿತು ಎಂದು ಎಲ್ಲರ ಗಮನ ಮಗುವಿನ ಕಡೆ ಹೋಗುತ್ತದೆ. ಆದರೆ ಬಾಣಂತಿಗೂ ಇದು ಬರಬಹುದು, ಹೆರಿಗೆಯಾಗಿ ಆರು ವಾರದವರೆಗೂ. ಇನ್ನು ಮೊದಲೇ ಬಂದಿದ್ದವರ ಮೂತ್ರ ರಾತ್ರೋರಾತ್ರಿ ತಿಳಿಯಾಗುವುದಿಲ್ಲ. ಊದಿದ ಕೋಶಗಳು ಇಳಿಯಲು ದಿನಗಳು, ಕೆಲವರಿಗೆ ವಾರಗಳು ಹಿಡಿಯುತ್ತವೆ. ಅದಕ್ಕೇ ಆರರಿಂದ ಎಂಟನೇ ವಾರದ ಹೊತ್ತಿಗೆ ಇನ್ನೊಂದು ಸಲ ಡಬ್ಬಿ ಕೊಡುತ್ತಾರೆ. ಆಗಲೂ ಪ್ಲಸ್ ಬಂದರೆ ಮೂರು ತಿಂಗಳಿಗೆ ಮತ್ತೊಮ್ಮೆ. ಆಗಲೂ ಚೌಕ ಹಸಿರಾಗಿದ್ದರೆ ಅದಕ್ಕೆ ಮಾಸನ್ನು ದೂರುವಂತಿಲ್ಲ. ಅಲ್ಲಿಂದ ಮುಂದೆ ನೋಡಬೇಕಾದವರು ಕಿಡ್ನಿ ಡಾಕ್ಟರು.